ದಾಖಲೆಗೂ ಪಾಟೀಸವಾಲು ಬೇಕು

1937ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಊರಿನಲ್ಲಿ ಸುಸಾನ್ ಹ್ಯಾಮ್ಲಿನ್ ಎಂಬ ಮುದುಕಿ ತನ್ನ ಎಳೆವಯಸ್ಸಿನ ಗುಲಾಮಗಿರಿಯ ದಿನಗಳ ಬಗ್ಗೆ ಇಬ್ಬರ ಹತ್ತಿರ ಬೇರೆಬೇರೆಯಾಗಿ ಮಾತಾಡಿದಳು. ಒಬ್ಬಳು ಬಿಳಿಯ ಹೆಂಗಸು. ಅವಳು ಬರೆದುಕೊಂಡ ಹಾಳೆಗಳಲ್ಲಿ ಸುಸಾನಳ ಒಡೆಯ ಒಳ್ಳೆಯವನು, ಆಳುಗಳನ್ನು ಚೆನ್ನಾಗಿ ನೋಡಿಕೊಂಡವನು. ಇನ್ನೊಬ್ಬ ಕಪ್ಪು ಜನಾಂಗದವನು. ಅವನ ಹಾಳೆಗಳಲ್ಲಿ ಚಾಟಿಯೇಟಿದೆ, ಹಗಲೂ ರಾತ್ರಿ ಕೇಳಿಸುತ್ತಿದ್ದ ಚೀರಾಟವಿದೆ, ಮಕ್ಕಳಿಂದ ಕಿತ್ತು ಮಾರಲಾದ ತಾಯಂದಿರಿದ್ದಾರೆ. ಬಾಯಿ ಒಂದೇ, ಊರು ಒಂದೇ, ವರ್ಷ ಒಂದೇ. ಕಿವಿ ಮಾತ್ರ ಬೇರೆ. ಈ ಎರಡೂ ದಾಖಲೆಗಳು ಇವತ್ತು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿವೆ. ಎರಡನೆಯವನು ಅವಳ ಹೆಸರನ್ನು ಹ್ಯಾಮಿಲ್ಟನ್ ಎಂದು ಬರೆದುಕೊಂಡಿದ್ದಾನೆ. ಹಾಗಾಗಿ ಹ್ಯಾಮ್ಲಿನ್ ಎಂದು ಹುಡುಕುವ ಹದಿನಾರರ ಹುಡುಗನಿಗೆ ಒಳ್ಳೆಯ ಒಡೆಯ ಸಿಗುತ್ತಾನೆ, ಹ್ಯಾಮಿಲ್ಟನ್ ಎಂದು ಹುಡುಕುವ ಹುಡುಗಿಗೆ ಚಾಟಿ ಸಿಗುತ್ತದೆ. ಇಬ್ಬರ ಕೈಯಲ್ಲೂ ಇರುವುದು ಅಪ್ಪಟ ‘ಮೂಲ ಆಕರ’ವೇ. ಇಬ್ಬರೂ ಅರ್ಧ ಕೇಳಿ ಎದ್ದುಹೋದವರೇ.

ಅಮೆರಿಕದ ಹೈಸ್ಕೂಲುಗಳಲ್ಲಿ ಆ ದೇಶದ ಇತಿಹಾಸವನ್ನು ಈಗ ಕಲಿಸುತ್ತಿರುವ ರೀತಿಯ ಬಗ್ಗೆ ನನ್ನ ತಕರಾರೆಲ್ಲ ಈ ಒಂದು ಉದಾಹರಣೆಯಲ್ಲಿದೆ. ಪಠ್ಯಪುಸ್ತಕ ಬಿಡಿ, ಮಕ್ಕಳ ಕೈಗೆ ನೇರವಾಗಿ ಹಳೆಯ ಪತ್ರ, ಫೋಟೋ, ಜಾಹೀರಾತು, ಕೋರ್ಟಿನ ಕಾಗದ ಕೊಡಿ ಎಂಬ ಮಾತು ಅಲ್ಲಿ ಮೂವತ್ತು ವರ್ಷದಿಂದ ನಡೆದಿದೆ. ಒಳ್ಳೆಯ ಮಾತು. ಆದರೆ ಕಾಗದ ಕೈಗೆ ಬಂದ ಕೂಡಲೇ ಸತ್ಯ ಕೈಗೆ ಬಂತು ಎಂದು ಟೀಚರೂ ನಂಬುತ್ತಾರೆ, ಮಕ್ಕಳೂ ನಂಬುತ್ತಾರೆ, ಶಾಲಾ ಮಂಡಳಿಯೂ ಬೆನ್ನು ತಟ್ಟಿಕೊಳ್ಳುತ್ತದೆ. ದಾಖಲೆ ಎಂದರೆ ಸಾಕ್ಷಿ. ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ, ನೀನು ಯಾರು, ಯಾರ ಎದುರು ಹೇಳಿದೆ, ಯಾಕೆ ಹೇಳಿದೆ ಎಂದು ಕೇಳಬೇಕು. ಪಾಟೀಸವಾಲಿಲ್ಲದೆ ಒಪ್ಪಿಕೊಂಡ ಸಾಕ್ಷ್ಯಕ್ಕೂ ಪಠ್ಯಪುಸ್ತಕದ ಸಾಲಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡನ್ನೂ ಮಗು ತಲೆಬಗ್ಗಿಸಿ ನಂಬುತ್ತದೆ.

ದೂರದ ದೇಶದ ಶಾಲೆಯ ಜಗಳ ನಮಗೇಕೆ ಎಂದು ನೀವು ಕೇಳಬಹುದು. ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಈ ಇತಿಹಾಸವನ್ನೇ ತಮ್ಮ ಇತಿಹಾಸವೆಂದು ಓದುತ್ತಿದ್ದಾರೆ. ಅವರಲ್ಲಿ ಕೆಲವರಿಗೆ ವಾರದ ಕೊನೆಯಲ್ಲಿ ಪರೀಕ್ಷೆಗೆ ಓದಲು ನಾನು ನೆರವಾಗುತ್ತೇನೆ. ಜಾಣ ಮಕ್ಕಳು. ಗಣಿತದಲ್ಲಿ ಉತ್ತರ ಬಂದರೂ ‘ಇದು ಹೇಗೆ ಬಂತು’ ಎಂದು ಬಿಡದೆ ಕೇಳುವವರು ಇತಿಹಾಸದ ದಾಖಲೆ ಕೊಟ್ಟರೆ ಮಾತ್ರ ಏನೂ ಕೇಳುವುದಿಲ್ಲ. ಕೇಳಬಾರದು ಎಂದು ಅವರಿಗೆ ಯಾರೂ ಹೇಳಿಲ್ಲ. ಕೇಳಲು ಸಮಯ ಕೊಟ್ಟಿಲ್ಲ, ಅಷ್ಟೇ.

ಮೊದಲು ಸಲ್ಲಬೇಕಾದ ಗೌರವ ಸಲ್ಲಿಸಿಬಿಡೋಣ. ಲೈಬ್ರರಿ ಆಫ್ ಕಾಂಗ್ರೆಸ್ 1990ರ ದಶಕದಲ್ಲಿ ತನ್ನ ಸಂಗ್ರಹಗಳನ್ನು ಡಿಜಿಟಲ್ ಮಾಡಿ ಹೊರಗಿಡಲು ಶುರುಮಾಡುವವರೆಗೆ ಆ ಕಾಗದಗಳನ್ನು ನೋಡಬೇಕೆಂದರೆ ವಾಷಿಂಗ್ಟನ್ನಿಗೇ ಹೋಗಬೇಕಿತ್ತು. ಈಗ 1936ರಿಂದ 1938ರ ನಡುವೆ ಸರ್ಕಾರಿ ಯೋಜನೆಯೊಂದರಲ್ಲಿ ಬರೆದುಕೊಂಡ, ಹಿಂದೆ ಗುಲಾಮರಾಗಿದ್ದವರ 2,300ಕ್ಕೂ ಹೆಚ್ಚು ನೆನಪಿನ ಕಥನಗಳನ್ನು ಯಾವ ಹಳ್ಳಿಯ ಶಾಲೆಯ ಹುಡುಗನೂ ಓದಬಹುದು. ಸುಸಾನಳ ಮಾತು ಅವುಗಳಲ್ಲೇ ಇದೆ. ರಾಷ್ಟ್ರೀಯ ಪತ್ರಾಗಾರ 2010ರಲ್ಲಿ ಶಾಲೆಗಳಿಗೆಂದೇ ‘ಡಾಕ್ಸ್‌ಟೀಚ್’ ಎಂಬ ತಾಣ ತೆರೆಯಿತು. ಅಟ್ಲಾಂಟಿಕ್ ದಾಟಿದ ಗುಲಾಮರ ಹಡಗುಗಳ ದತ್ತಾಂಶದಲ್ಲಿ ಸುಮಾರು 36,000 ಪ್ರಯಾಣಗಳ ವಿವರವಿದೆ. ಅದರ ಲೆಕ್ಕದಂತೆ ಆಫ್ರಿಕಾದ ಕರಾವಳಿಯಲ್ಲಿ ಹಡಗು ಹತ್ತಿಸಲಾದವರು ಸುಮಾರು ಒಂದೂಕಾಲು ಕೋಟಿ, ಈ ಕಡೆ ಜೀವಂತ ಇಳಿದವರು ಒಂದು ಕೋಟಿ ಏಳು ಲಕ್ಷ. ಮಧ್ಯದ ಹದಿನೆಂಟು ಲಕ್ಷ ಜನ ಎಲ್ಲಿ ಹೋದರು ಎಂದು ಮಗು ತಾನಾಗಿ ಕೇಳುವಂತೆ ಮಾಡುವ ಶಕ್ತಿ ಯಾವ ಪಠ್ಯಪುಸ್ತಕಕ್ಕೂ ಇರಲಿಲ್ಲ.

ಪಠ್ಯಪುಸ್ತಕದ ಯೋಗ್ಯತೆ ಏನೆಂಬುದೂ ನಮಗೆ ಗೊತ್ತಿದೆ. 2015ರಲ್ಲಿ ಟೆಕ್ಸಸ್ಸಿನ ಶಾಲೆಗಳಿಗೆ ಹೋದ ಮೆಕ್‌ಗ್ರಾ ಹಿಲ್ ಪ್ರಕಾಶನದ ಪುಸ್ತಕದ ಒಂದು ನಕಾಶೆಯ ಕೆಳಗೆ, ಗುಲಾಮ ವ್ಯಾಪಾರದಿಂದ ಲಕ್ಷಾಂತರ ‘ಕೆಲಸಗಾರರು’ ಆಫ್ರಿಕಾದಿಂದ ಬಂದರು ಎಂಬರ್ಥದ ಸಾಲಿತ್ತು. ಒಬ್ಬ ವಿದ್ಯಾರ್ಥಿ ಅದನ್ನು ಫೋಟೋ ತೆಗೆದು ತಾಯಿಗೆ ಕಳಿಸಿದ, ಗಲಾಟೆಯಾಯಿತು, ಪ್ರಕಾಶಕರು ತಿದ್ದುವುದಾಗಿ ಒಪ್ಪಿದರು. ಸಂಕೋಲೆಯಲ್ಲಿ ತಂದವರನ್ನು ಕೂಲಿಗೆ ಬಂದವರ ಹಾಗೆ ತೋರಿಸುವ ಪುಸ್ತಕಕ್ಕಿಂತ ಹಡಗಿನ ಲೆಕ್ಕದ ಪುಸ್ತಕ ಸಾವಿರ ಪಾಲು ಮೇಲು. ಆದ್ದರಿಂದ ನಾನು ಹಳೆಯದಕ್ಕೆ ಮರಳಿ ಎನ್ನುತ್ತಿಲ್ಲ. ಹೊಸದನ್ನು ಹಳೆಯದರ ಚಾಳಿಯಲ್ಲೇ ಕಲಿಸಬೇಡಿ ಎನ್ನುತ್ತಿದ್ದೇನೆ.

ಹಳೆಯ ಚಾಳಿ ಯಾವುದೆಂದು ನೋಡಬೇಕಾದರೆ ಪರೀಕ್ಷೆಯನ್ನು ನೋಡಿ. ಕಾಲೇಜಿನ ಮಟ್ಟದ ಎ.ಪಿ. ಅಮೆರಿಕನ್ ಇತಿಹಾಸದ ಪರೀಕ್ಷೆಯಲ್ಲಿ ‘ದಾಖಲೆ ಆಧಾರಿತ ಪ್ರಶ್ನೆ’ ಎಂಬುದೊಂದಿದೆ. 1973ರಿಂದ ಇರುವ ಪದ್ಧತಿ. ಮಕ್ಕಳು ಅದನ್ನು ಡಿ.ಬಿ.ಕ್ಯೂ. ಎನ್ನುತ್ತಾರೆ. ಏಳು ದಾಖಲೆಗಳು, ಒಂದು ಗಂಟೆ. ಅದರಲ್ಲಿ ಓದಲು ಹದಿನೈದು ನಿಮಿಷ. ಎಂದರೆ ಒಂದು ದಾಖಲೆಗೆ ಎರಡು ನಿಮಿಷ ಚಿಲ್ಲರೆ. ಒಬ್ಬ ಮನುಷ್ಯ ಬದುಕಿಡೀ ಹೊತ್ತು, ಕೊನೆಗೊಮ್ಮೆ ಬಾಯಿಬಿಟ್ಟು ಹೇಳಿದ ಮಾತಿಗೆ ಎರಡು ನಿಮಿಷ! ಅಷ್ಟರಲ್ಲಿ ಅದನ್ನು ಯಾರು ಬರೆದರು, ಯಾವ ದೃಷ್ಟಿಯಿಂದ ಬರೆದರು ಎಂದು ಒಂದು ವಾಕ್ಯ ಗೀಚಬೇಕು, ಏಕೆಂದರೆ ಅದಕ್ಕೆ ಅಂಕವಿದೆ. ನಾನು ನೋಡುವ ಮಕ್ಕಳಿಗೆ ಆ ವಾಕ್ಯ ಬಾಯಿಪಾಠವಾಗಿದೆ: ‘ಬರೆದವನು ಬಿಳಿಯ ಭೂಮಾಲೀಕನಾದ್ದರಿಂದ ಪಕ್ಷಪಾತಿ.’ ಹೆಸರು ಬದಲಿಸಿದರೆ ಯಾವ ದಾಖಲೆಗೂ ಹೊಂದುವ ವಾಕ್ಯ ಅದು. ಸಂಶಯ ಪಡುವುದನ್ನೂ ಹೀಗೆ ಉರುಹೊಡೆಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಪರೀಕ್ಷೆ ಹೀಗಿದ್ದರೆ ತರಗತಿಯೂ ಹೀಗೇ ಇರುತ್ತದೆ. ಮೂರು ಪುಟದ ಪತ್ರ ಐದು ಸಾಲಾಗುತ್ತದೆ. ಐದು ಸಾಲಿನ ಕೆಳಗೆ ಮೂರು ಪ್ರಶ್ನೆ. ಮೂರಕ್ಕೂ ಉತ್ತರ ಆ ಐದು ಸಾಲಿನಲ್ಲೇ ಇರುತ್ತದೆ. ಬರೆದವರ ಹೆಸರು, ತಾರೀಖು, ಯಾವ ಕಡತದಿಂದ ತೆಗೆದದ್ದು ಎಂಬ ವಿವರ ಹಾಳೆಯ ತುದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಟೀಚರನ್ನು ಬೈಯುವುದಿಲ್ಲ ನಾನು. ದಿನಕ್ಕೆ ಐದು ಕ್ಲಾಸು ತೆಗೆದುಕೊಂಡು, ಕೊಲಂಬಸ್‌ನಿಂದ ಇವತ್ತಿನ ಅಧ್ಯಕ್ಷರವರೆಗೆ ಒಂದೇ ವರ್ಷದಲ್ಲಿ ಓಡಿ ಮುಗಿಸಬೇಕಾದವರು ಮತ್ತೇನು ಮಾಡಿಯಾರು? ಓಡಿಸುತ್ತಿರುವವರನ್ನು ಬೈಯಬೇಕು.

ಆ ಇರುವೆಯಕ್ಷರದ ಸಾಲು ಎಷ್ಟು ಮುಖ್ಯ ಎಂಬುದನ್ನು ಸ್ಯಾಮ್ ವೈನ್‌ಬರ್ಗ್ ಎಂಬ ವಿದ್ವಾಂಸರು 1991ರಷ್ಟು ಹಿಂದೆಯೇ ತೋರಿಸಿದ್ದರು. 1775ರ ಲೆಕ್ಸಿಂಗ್ಟನ್ ಕದನದ ಬಗೆಗಿನ ದಾಖಲೆಗಳನ್ನು ಎಂಟು ಇತಿಹಾಸಕಾರರಿಗೂ ಎಂಟು ಹೈಸ್ಕೂಲು ವಿದ್ಯಾರ್ಥಿಗಳಿಗೂ ಕೊಟ್ಟು, ಓದುತ್ತಾ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿ ಎಂದರು. ಇತಿಹಾಸಕಾರರ ಕಣ್ಣು ಮೊದಲು ಹೋದದ್ದು ಬರೆದವರು ಯಾರು ಎಂಬಲ್ಲಿಗೆ. ವಿದ್ಯಾರ್ಥಿಗಳು ಮೊದಲ ಸಾಲಿನಿಂದ ಶುರುಮಾಡಿ ಕೊನೆಯವರೆಗೆ ಓದಿಕೊಂಡು ಹೋದರು. ಆ ಕಂತೆಯಲ್ಲಿ ಒಂದು ಪಠ್ಯಪುಸ್ತಕದ ತುಣುಕೂ ಇತ್ತು. ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ನಂಬಲರ್ಹವೆನಿಸಿದ್ದು ಅದೇ. ಇತಿಹಾಸಕಾರರು ಅದನ್ನು ಪಟ್ಟಿಯ ಕೆಳಭಾಗಕ್ಕೆ ತಳ್ಳಿದರು. ಆ ಇತಿಹಾಸಕಾರರಲ್ಲಿ ಕೆಲವರು ಅಮೆರಿಕದ ಇತಿಹಾಸ ಬಲ್ಲವರೇ ಆಗಿರಲಿಲ್ಲ. ಅವರಿಗೆ ತಿಳಿದಿದ್ದದ್ದು ಮಾಹಿತಿಗಿಂತ ಹೆಚ್ಚಾಗಿ ಸಾಕ್ಷಿಯನ್ನು ಕೇಳುವ ಕ್ರಮ.

ತೆರೆಯ ಮೇಲೆ ಈ ಕ್ರಮ ಇನ್ನೂ ಕಷ್ಟ. ಚಿತ್ರವೊಂದನ್ನು ಗೂಗಲ್ ಮಾಡಿದರೆ ಅದು ತನ್ನ ಅಡಿಬರಹ ಕಳಚಿಕೊಂಡೇ ಬರುತ್ತದೆ. ‘ವಲಸಿಗ ತಾಯಿ’ ಎಂದು ಹೆಸರಾದ ಡೊರೊತಿಯಾ ಲ್ಯಾಂಗ್ ಅವರ ಫೋಟೋ ನಿಮಗೂ ಗೊತ್ತಿರಬಹುದು: ಗಲ್ಲಕ್ಕೆ ಕೈಯಿಟ್ಟು ದೂರ ನೋಡುವ ತಾಯಿ, ಎರಡೂ ಭುಜಕ್ಕೆ ಮುಖ ಮರೆಸಿಕೊಂಡ ಮಕ್ಕಳು. 1936, ಕ್ಯಾಲಿಫೋರ್ನಿಯಾದ ನಿಪೋಮೊ. ಆರ್ಥಿಕ ಕುಸಿತದ ಪಾಠ ಬಂದರೆ ಈ ಚಿತ್ರ ಸ್ಲೈಡಿನಲ್ಲಿ ಬರಲೇಬೇಕು. ಆದರೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ತಾಣಕ್ಕೇ ಹೋದರೆ ಅದೇ ದಿನ ಅದೇ ಗುಡಾರದ ಮುಂದೆ ತೆಗೆದ ಬೇರೆ ಚಿತ್ರಗಳೂ ಸಿಗುತ್ತವೆ. ಅವುಗಳನ್ನು ಸಾಲಾಗಿಟ್ಟು ನೋಡಿದರೆ ಕ್ಯಾಮೆರಾ ಹೆಜ್ಜೆಹೆಜ್ಜೆಗೆ ಹತ್ತಿರವಾದದ್ದು, ಗುಡಾರ, ಸಾಮಾನು, ದೊಡ್ಡ ಮಗಳು ಚೌಕಟ್ಟಿನಿಂದ ಹೊರಬಿದ್ದದ್ದು ಕಾಣುತ್ತದೆ. ಆಮೇಲೆ ನೆಗೆಟಿವ್‌ನಿಂದ ಒಂದು ಹೆಬ್ಬೆರಳನ್ನೂ ಅಳಿಸಿದ್ದಾರೆ. ಆ ಹೆಂಗಸಿನ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆಕೆ ಚೆರೊಕೀ ಮೂಲದವಳು. ತನ್ನ ಮುಖದಿಂದ ತನಗೆ ಬಿಡಿಗಾಸೂ ಸಿಗಲಿಲ್ಲವೆಂದು ನೊಂದುಕೊಂಡಿದ್ದಳು. ಒಂದೇ ಚಿತ್ರ ಕೊಟ್ಟು ಬಡತನ ಎಂದರೆ ಹೀಗಿತ್ತು ಎನ್ನುವುದು ಒಂದು ಪಾಠ. ಆರು ಚಿತ್ರ ಕೊಟ್ಟು, ಬಡತನದ ಮುಖವನ್ನು ಹೀಗೆ ಆರಿಸಿದರು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಬೇಕಾದದ್ದೆಲ್ಲ ಉಚಿತವಾಗಿ ಅಲ್ಲೇ ಇದೆ. ಆದರೂ ನಾವು ಮೊದಲನೆಯದನ್ನೇ ಮಾಡುತ್ತಿದ್ದೇವೆ.

ಹುಡುಕುವ ಪದದಲ್ಲೂ ಗುಂಡಿಯಿದೆ. ನೂರು ವರ್ಷದ ಹಿಂದಿನ ಅಮೆರಿಕದ ಪತ್ರಿಕೆಗಳಲ್ಲಿ ನಮ್ಮ ದೇಶದಿಂದ ಹೋದವರ ಸುದ್ದಿ ಹುಡುಕಲು ಮಗು ‘ಇಂಡಿಯನ್’ ಎಂದು ಹೊಡೆದರೆ ಬರುವುದೆಲ್ಲ ಅಲ್ಲಿನ ಮೂಲನಿವಾಸಿಗಳ ಸುದ್ದಿ. ಆಗಿನ ಪತ್ರಿಕೆಗಳು ಪಂಜಾಬಿನ ಸಿಖ್ಖರನ್ನೂ ಮುಸ್ಲಿಮರನ್ನೂ ಸೇರಿಸಿ ಎಲ್ಲರನ್ನೂ ‘ಹಿಂದೂ’ ಎಂದೇ ಕರೆಯುತ್ತಿದ್ದವು. ಇದು ಗೊತ್ತಿಲ್ಲದ ಮಗು, ಆ ಕಾಲದಲ್ಲಿ ನಮ್ಮವರು ಇಲ್ಲಿರಲೇ ಇಲ್ಲ ಎಂದು ತೀರ್ಮಾನಿಸಿ ಲ್ಯಾಪ್‌ಟಾಪು ಮುಚ್ಚುತ್ತದೆ. ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಕಾಗದ 1,300 ಕೋಟಿ ಪುಟಕ್ಕೂ ಹೆಚ್ಚು. 2026ರ ಹೊತ್ತಿಗೆ 50 ಕೋಟಿ ಪುಟ ಡಿಜಿಟಲ್ ಮಾಡುವುದು ಅದು ಹಾಕಿಕೊಂಡ ಗುರಿ. ಗುರಿ ಮುಟ್ಟಿದರೂ ನೂರಕ್ಕೆ ನಾಲ್ಕು ಪುಟವೂ ಆಗುವುದಿಲ್ಲ. ‘ಎಲ್ಲವೂ ಬೆರಳ ತುದಿಯಲ್ಲಿದೆ’ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು. ಬೆರಳ ತುದಿಯಲ್ಲಿರುವುದು ಯಾರೋ ಆರಿಸಿ, ಹಣ ಹೊಂದಿಸಿ, ಸ್ಕ್ಯಾನ್ ಮಾಡಿದ್ದು ಮಾತ್ರ.

ಇನ್ನು ಈಚೆಗೆ ಬಂದ ಹೊಸ ಆಟವೊಂದಿದೆ: ಇತಿಹಾಸದ ವ್ಯಕ್ತಿಗಳ ಜೊತೆ ‘ಮಾತಾಡಿಸುವ’ ಕೃತಕ ಬುದ್ಧಿಮತ್ತೆಯ ಯಂತ್ರಗಳು. ಹ್ಯಾರಿಯಟ್ ಟಬ್ಮನ್ ಜೊತೆ ಚಾಟ್ ಮಾಡಿ ಎಂದು ಮಕ್ಕಳಿಗೆ ಹೇಳುತ್ತಾರೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಇತರರನ್ನೂ ಬಿಡಿಸಿ ತಂದ ಟಬ್ಮನ್‌ಗೆ ಓದುಬರಹ ಬರುತ್ತಿರಲಿಲ್ಲ. ಆಕೆಯ ಮಾತೆಂದು ನಮಗೆ ಸಿಕ್ಕಿರುವುದೆಲ್ಲ ಇನ್ನೊಬ್ಬರು ಬರೆದುಕೊಂಡದ್ದು. ಆ ‘ಇನ್ನೊಬ್ಬರು’ ಯಾರು ಎಂದು ಕೇಳುವುದರಿಂದಲೇ ಇತಿಹಾಸದ ಪಾಠ ಶುರುವಾಗಬೇಕು. ಯಂತ್ರ ಆ ಪ್ರಶ್ನೆಯನ್ನೇ ನುಂಗಿಬಿಡುತ್ತದೆ. ಸರಾಗವಾದ ಇಂಗ್ಲಿಷಿನಲ್ಲಿ, ಯಾವ ಅಡ್ಡಿಯೂ ಇಲ್ಲದೆ, ಸತ್ತವಳ ಬಾಯಿಂದ ಮಾತಾಡಿಸುತ್ತದೆ.

ಅದರ ಬದಲು ಮಕ್ಕಳಿಗೆ ಪತ್ರಾಗಾರದಲ್ಲಿರುವ ಆಕೆಯ ಪಿಂಚಣಿ ಕಡತ ಕೊಡಿ. ಅದೂ ಡಿಜಿಟಲ್ ಆಗಿದೆ. ಅಂತರ್ಯುದ್ಧದಲ್ಲಿ ದಾದಿಯಾಗಿ, ಅಡುಗೆಯವಳಾಗಿ, ಎಂಟೊಂಬತ್ತು ಗೂಢಚಾರರ ಮುಖ್ಯಸ್ಥೆಯಾಗಿ ಮೂರು ವರ್ಷ ದುಡಿದೆ, ನನಗೆ 1,800 ಡಾಲರ್ ಬರಬೇಕು ಎಂದು ಆಕೆ ಕೊಟ್ಟ ಪ್ರಮಾಣಪತ್ರ ಅದರಲ್ಲಿದೆ. ಆಕೆಗೆ ಮೊದಲು ಸಿಕ್ಕಿದ್ದು ಸೈನಿಕನ ವಿಧವೆ ಎಂಬ ಲೆಕ್ಕದಲ್ಲಿ 1895ರಿಂದ ತಿಂಗಳಿಗೆ 8 ಡಾಲರ್. 1899ರಲ್ಲಿ ಅದು 20 ಡಾಲರ್ ಆಯಿತು, ದಾದಿಯ ಕೆಲಸಕ್ಕೆಂದು. ಗೂಢಚಾರರ ಮುಖ್ಯಸ್ಥೆ ಎಂಬುದು ಸರ್ಕಾರದ ಲೆಕ್ಕಕ್ಕೆ ಬರಲೇ ಇಲ್ಲ. ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕಿ, ಆಕೆಯ ಪರವಾಗಿ ಅರ್ಜಿ ಬರೆದ ಪರಿಚಯಸ್ಥರು, ಕಂತೆಗೆ ಕಂತೆ ಸೇರಿಸುವ ಗುಮಾಸ್ತರು. ಭಿತ್ತಿಚಿತ್ರದ ವೀರವನಿತೆಗಿಂತ ಈ ಅರ್ಜಿದಾರಳನ್ನು ಮಕ್ಕಳು ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ. ದೇಶ ತನ್ನ ವೀರರಿಗೆ ಏನು ಕೊಟ್ಟಿತು ಎಂಬ ಪ್ರಶ್ನೆ ಆ ಕಡತದಲ್ಲಿ ತಾನಾಗಿ ಎದ್ದು ಕೂರುತ್ತದೆ.

ಈ ಪ್ರಶ್ನೆ ಏಳುವುದೇ ಬೇಡ ಎನ್ನುವವರಿದ್ದಾರೆ. 2021ರಿಂದೀಚೆಗೆ ಅಮೆರಿಕದ ಹಲವು ರಾಜ್ಯಗಳು ವರ್ಣಭೇದದ ಇತಿಹಾಸವನ್ನು ತರಗತಿಯಲ್ಲಿ ಹೇಗೆ ಹೇಳಬಾರದು ಎಂದು ಕಾನೂನು ಮಾಡಿವೆ. 2023ರಲ್ಲಿ ಫ್ಲಾರಿಡಾ ರಾಜ್ಯದ ಶಿಕ್ಷಣ ಮಂಡಳಿ ಒಪ್ಪಿದ ಪಠ್ಯಕ್ರಮದಲ್ಲಿ, ಗುಲಾಮರು ಕಲಿತ ಕಸುಬುಗಳು ಕೆಲವೊಮ್ಮೆ ಅವರ ಸ್ವಂತ ಲಾಭಕ್ಕೂ ಒದಗಿದವು ಎಂಬ ವಿವರಣೆ ಸೇರಿತು. 2025ರ ಮೊದಲ ತಿಂಗಳುಗಳಲ್ಲಿ ಆ ದೇಶದ ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಲತಾಣದಲ್ಲಿ, ಗುಲಾಮರ ಪಲಾಯನದ ದಾರಿಗಳ ಬಗೆಗಿದ್ದ ಪುಟದಿಂದ ಟಬ್ಮನ್ನಳ ಚಿತ್ರ ಮತ್ತು ಮಾತು ಮಾಯವಾದವು. ಪತ್ರಿಕೆಗಳು ಬರೆದ ಮೇಲೆ ಏಪ್ರಿಲ್‌ನಲ್ಲಿ ವಾಪಸು ಬಂದವು. ಮುದ್ರಿತ ಪುಸ್ತಕವನ್ನು ತಿದ್ದಬೇಕಾದರೆ ಹೊಸ ಮುದ್ರಣ ಬೇಕು. ಜಾಲತಾಣದ ಪುಟಕ್ಕೆ ಒಂದು ಮಧ್ಯಾಹ್ನ ಸಾಕು. ಡಿಜಿಟಲ್ ಆಕರ ಶಾಶ್ವತ ಎಂದು ನಂಬಿ ಅಲಮಾರು ಖಾಲಿ ಮಾಡಿದ ಶಾಲೆಗಳು ಇದನ್ನು ನೆನಪಿಡಬೇಕು.

ಇಂಥ ಅಳಿಸುವಿಕೆಗೆ ಮಕ್ಕಳೇ ಉತ್ತರ ಕೊಡಬಹುದು. ಇಂಟರ್ನೆಟ್ ಆರ್ಕೈವಿನ ‘ವೇಬ್ಯಾಕ್ ಮಷೀನ್’ ಹಳೆಯ ಪುಟಗಳ ಪ್ರತಿ ಇಟ್ಟಿರುತ್ತದೆ. ಆ ಪುಟ ಮೊದಲು ಹೇಗಿತ್ತು, ಮಧ್ಯೆ ಏನಾಯಿತು, ಈಗ ಹೇಗಿದೆ ಎಂದು ಮೂರು ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಅದೇ ಇವತ್ತಿನ ಕಾಲದ ಮೂಲ ಆಕರ. ಅದನ್ನು ಓದಲು ಬೇಕಾದದ್ದೂ ಸುಸಾನಳ ಎರಡು ಮಾತುಗಳನ್ನು ಓದಲು ಬೇಕಾದ ಅದೇ ಕಸುಬು.

ಇಷ್ಟು ಹೇಳಿದ ಮೇಲೆ ನಾನು ಯಾರ ಕಡೆ ಎಂದು ಓದುಗರಿಗೆ ಅನ್ನಿಸಿರಬಹುದು. ಆದರೆ ನನ್ನ ಕಡೆಯವರ ಜೊತೆಗೂ ನನಗೆ ಜಗಳವಿದೆ. ಅಳಿಸುವವರಿಗೆ ಪ್ರತಿಯಾಗಿ ಆರಿಸುವವರು ಹುಟ್ಟಿಕೊಂಡಿದ್ದಾರೆ. ತೀರ್ಮಾನ ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ಒಪ್ಪುವ ದಾಖಲೆ ಹುಡುಕಿ ಕ್ಲಾಸಿಗೆ ತರುತ್ತಾರೆ. ಥಾಮಸ್ ಜೆಫರ್ಸನ್‌ನನ್ನೇ ನೋಡಿ. ಒಬ್ಬ ಟೀಚರು ಸ್ವಾತಂತ್ರ್ಯ ಘೋಷಣೆ ಮಾತ್ರ ಕೊಡುತ್ತಾರೆ. ಇನ್ನೊಬ್ಬರು 1769ರ ಸೆಪ್ಟೆಂಬರಿನಲ್ಲಿ ಅದೇ ಜೆಫರ್ಸನ್ ‘ವರ್ಜೀನಿಯಾ ಗೆಜೆಟ್’ ಪತ್ರಿಕೆಯಲ್ಲಿ ಹಾಕಿಸಿದ ಜಾಹೀರಾತು ಮಾತ್ರ ಕೊಡುತ್ತಾರೆ: ಸ್ಯಾಂಡಿ ಎಂಬ ಗುಲಾಮ ಓಡಿಹೋಗಿದ್ದಾನೆ, ಸುಮಾರು 35 ವರ್ಷ, ಎಡಗೈಯವನು, ಚಪ್ಪಲಿ ಹೊಲಿಯುವ ಕಸುಬು, ಬಿಳಿ ಕುದುರೆ ಒಯ್ದಿದ್ದಾನೆ, ಹಿಡಿದು ತಂದವರಿಗೆ ಬಹುಮಾನ. ಎರಡೂ ಅರ್ಧ ಸಾಕ್ಷ್ಯವೇ. ನನಗೆ ಎರಡೂ ಒಂದೇ ಮೇಜಿನ ಮೇಲೆ ಬೇಕು, ಜೊತೆಗೆ ಮೂರನೆಯದೂ. ಘೋಷಣೆಯ ಕರಡಿನಲ್ಲಿ ಗುಲಾಮ ವ್ಯಾಪಾರಕ್ಕಾಗಿ ಇಂಗ್ಲೆಂಡಿನ ರಾಜನನ್ನು ಖಂಡಿಸಿ ಜೆಫರ್ಸನ್ ಬರೆದ ಭಾಗವೊಂದಿತ್ತು. ಕಾಂಗ್ರೆಸ್ಸಿನ ಪ್ರತಿನಿಧಿಗಳು ಅದನ್ನು ಹೊಡೆದುಹಾಕಿದರು. ಆ ಕರಡಿನ ಇನ್ನೊಂದು ಕಡೆ ಆತ ಮೊದಲು ರಾಜನ ‘ಪ್ರಜೆಗಳು’ ಎಂದು ಬರೆದು, ಶಾಯಿ ಒಣಗುವ ಮೊದಲೇ ಒರೆಸಿ, ಮೇಲೆ ‘ನಾಗರಿಕರು’ ಎಂದು ಬರೆದಿದ್ದ. ಒರೆಸಿದ ಆ ಪದವನ್ನು 2010ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ವಿಜ್ಞಾನಿಗಳು ವಿಶೇಷ ಛಾಯಾಗ್ರಹಣದಿಂದ ಓದಿದರು. ತಂತ್ರಜ್ಞಾನಕ್ಕೆ ಕೈಮುಗಿಯಬೇಕಾದ್ದು ಇಂಥ ಕಡೆ. ಮನುಷ್ಯರನ್ನು ಪ್ರಜೆಯಿಂದ ನಾಗರಿಕನಾಗಿಸಿದ ಕೈಯೇ ಸ್ಯಾಂಡಿಯನ್ನು ಹಿಡಿದು ತನ್ನಿ ಎಂದೂ ಬರೆದಿತ್ತು. ಇವುಗಳಲ್ಲಿ ಯಾವುದು ‘ನಿಜವಾದ’ ಜೆಫರ್ಸನ್ ಎಂದು ಟೀಚರು ಹೇಳಬಾರದು. ಹದಿನಾರರ ಮಕ್ಕಳು ಒಂದು ವಾರ ಜಗಳವಾಡಲಿ.

ನಮ್ಮವರೂ ಆರಿಸುವುದರಲ್ಲಿ ಹಿಂದೆ ಬಿದ್ದಿಲ್ಲ. 2008ರಲ್ಲಿ ಶುರುವಾದ ‘ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್’ ಎಂಬ ಸಂಗ್ರಹದಿಂದಾಗಿ ಭಾರತೀಯ ಮೂಲದ ಮಕ್ಕಳಿಗೆ ಮೊದಲ ಬಾರಿಗೆ ಅಮೆರಿಕದ ಇತಿಹಾಸದಲ್ಲಿ ತಮ್ಮ ಮುಖ ಕಂಡಿತು. ಅದರಲ್ಲಿ ವೈಷ್ಣೋದಾಸ್ ಬಗಾಯ್ ಅವರ ಕಾಗದಗಳಿವೆ. 1915ರಲ್ಲಿ ಹೆಂಡತಿ ಮಕ್ಕಳೊಂದಿಗೆ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದವರು, 1921ರಲ್ಲಿ ಪೌರತ್ವ ಪಡೆದವರು, ಅದನ್ನು ಕಳೆದುಕೊಂಡು 1928ರಲ್ಲಿ ಪ್ರಾಣ ಬಿಟ್ಟವರು. ಅವರ ಕೊನೆಯ ಪತ್ರ ಓದಿದ ಮಕ್ಕಳ ಕಣ್ಣು ಒದ್ದೆಯಾಗುತ್ತದೆ, ಆಗಲೇಬೇಕು. ಆದರೆ ಬಗಾಯ್ ಪೌರತ್ವ ಕಳೆದುಕೊಂಡದ್ದು 1923ರ ಫೆಬ್ರುವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ. ಬಿಳಿಯರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ಪೌರತ್ವ ಸಿಗುತ್ತಿದ್ದ ಕಾಲ ಅದು. ಆ ಕಾನೂನೇ ಅನ್ಯಾಯ ಎಂದು ಥಿಂಡ್ ಪರ ವಾದಿಸಲಿಲ್ಲ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ತಾನೂ ಬಿಳಿಯನೇ ಎಂಬುದು ಅವರ ವಾದ. ಅಮೆರಿಕದ ಬಿಳಿಯರು ಕಪ್ಪು ಜನರೊಂದಿಗೆ ಮದುವೆ ಸಂಬಂಧವನ್ನು ಹೇಗೆ ಕಾಣುತ್ತಾರೋ ಮೇಲ್ಜಾತಿಯ ಹಿಂದೂ ಕೂಡ ತನ್ನ ದೇಶದ ಮೂಲನಿವಾಸಿಗಳೊಂದಿಗಿನ ಸಂಬಂಧವನ್ನು ಹಾಗೇ ಕಾಣುತ್ತಾನೆ ಎಂಬ ಅರ್ಥದ ಮಾತು ಆ ಲಿಖಿತ ವಾದದಲ್ಲಿದೆ.

ನಮ್ಮ ಸಮುದಾಯದ ಸಭೆಗಳಲ್ಲಿ ನಾನು ಬಗಾಯ್ ಕಥೆ ಕೇಳಿದ್ದೇನೆ, ಥಿಂಡ್ ಅನ್ಯಾಯಕ್ಕೊಳಗಾದ ಸೈನಿಕ ಎಂದೂ ಕೇಳಿದ್ದೇನೆ. ಆ ಲಿಖಿತ ವಾದವನ್ನು ಮಕ್ಕಳ ಕೈಗೆ ಕೊಟ್ಟದ್ದನ್ನು ನೋಡಿಲ್ಲ. ಜಾತಿಯ ಹೆಮ್ಮೆಯನ್ನು ಬಿಳಿತನದ ಅರ್ಹತಾಪತ್ರವಾಗಿ ಕೋರ್ಟಿನ ಮುಂದಿಟ್ಟ ಆ ಕಾಗದ ನಮಗೆ ಇರಿಸುಮುರುಸು ಮಾಡುತ್ತದೆ. ಹಾಗಾಗಿಯೇ ಅದನ್ನು ಓದಿಸಬೇಕು. ಟೆಕ್ಸಸ್ಸಿನ ಪುಸ್ತಕದಲ್ಲಿ ಗುಲಾಮರನ್ನು ‘ಕೆಲಸಗಾರರು’ ಎಂದು ಕರೆದದ್ದಕ್ಕೆ ಸಿಟ್ಟಾಗುವ ನಾವು, ನಮ್ಮ ಇತಿಹಾಸದ ಕಂತೆಯಿಂದ ಜಾತಿ ಎಂಬ ಪದವನ್ನು ಮೆಲ್ಲಗೆ ಎತ್ತಿಡುವುದು ಯಾವ ನ್ಯಾಯ?

‘ಹೈಸ್ಕೂಲಿನವರಿಗೆ ಇದೆಲ್ಲ ಹೆಚ್ಚಾಯಿತು, ಹಳೆಯ ಭಾಷೆ ಅರ್ಥವಾಗುವುದಿಲ್ಲ’ ಎಂಬ ಆಕ್ಷೇಪವಿದೆ. ಇದು ಸುಳ್ಳಲ್ಲ. ಓದಿನಲ್ಲಿ ಹಿಂದಿರುವ ಮಕ್ಕಳಿಗೆ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಹದಿನೆಂಟನೆಯ ಶತಮಾನದ ಪತ್ರ ಕಬ್ಬಿಣದ ಕಡಲೆ. ವೈನ್‌ಬರ್ಗ್ ಮತ್ತು ಸಂಗಡಿಗರೇ ಭಾಷೆಯನ್ನು ಸರಳಗೊಳಿಸಿದ ಪ್ರತಿಗಳನ್ನು ಶಾಲೆಗಳಿಗಾಗಿ ತಯಾರಿಸಿ, ಮೂಲವನ್ನೂ ಜೊತೆಗಿಟ್ಟರು. ಅದಕ್ಕೆ ನನ್ನ ಒಪ್ಪಿಗೆಯಿದೆ. ವಾಕ್ಯವನ್ನು ಬೇಕಾದರೆ ಬಿಡಿಸಿ ಬರೆಯಿರಿ. ಯಾರು, ಯಾವಾಗ, ಯಾರಿಗೆ ಎಂಬುದನ್ನು ಕತ್ತರಿಸಬೇಡಿ. ಮೂಲದ ಚಿತ್ರವನ್ನು ಪಕ್ಕದಲ್ಲಿಡಿ. ಓದಲಾಗದ ಕೈಬರಹವನ್ನು ನೋಡಿ ಮಗುವಿಗೆ ಕನಿಷ್ಠ ಇದನ್ನು ಒಬ್ಬ ಮನುಷ್ಯ ಬರೆದ ಎಂಬುದಾದರೂ ತಿಳಿಯಲಿ.

ಹಾಗಾದರೆ ಮಾಡಬೇಕಾದ್ದೇನು? ವರ್ಷಕ್ಕೆ ನೂರು ತುಣುಕು ಓದಿಸುವ ಬದಲು ಹತ್ತು ದಾಖಲೆಗಳನ್ನು ಇಡಿಯಾಗಿ ಓದಿಸಿ. ಯಾವ ದಾಖಲೆಯನ್ನೂ ಒಂಟಿಯಾಗಿ ಕೊಡಬೇಡಿ. ಅದನ್ನು ಅಲ್ಲಗಳೆಯುವ ಇನ್ನೊಂದನ್ನು ಜೊತೆಗೆ ಕೊಡಿ. ಇದನ್ನು ಯಾರು ಉಳಿಸಿದರು, ಯಾರು ಸ್ಕ್ಯಾನ್ ಮಾಡಿದರು, ಯಾವುದು ಇನ್ನೂ ಪೆಟ್ಟಿಗೆಯಲ್ಲೇ ಇದೆ ಎಂಬ ಪ್ರಶ್ನೆಯನ್ನು ಪ್ರತಿ ಪಾಠದಲ್ಲೂ ಕೇಳಿಸಿ. ಬಳಸಿದ ಪುಟದ ಪ್ರತಿಯನ್ನು ಶಾಲೆಯಲ್ಲೇ ಇಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಏಳರ ಬದಲು ಎರಡು ದಾಖಲೆ ಕೊಟ್ಟು ಇಡೀ ಗಂಟೆ ಬಿಡಿ. ಹೀಗೆ ಮಾಡಿದರೆ ಪೋರ್ಷನ್ ಮುಗಿಯುವುದಿಲ್ಲ ಎನ್ನುತ್ತಾರೆ. ನಿಜ, ಮುಗಿಯುವುದಿಲ್ಲ. ಕೆಲವು ಅಧ್ಯಕ್ಷರ ಹೆಸರು, ಕೆಲವು ಸುಂಕದ ಕಾನೂನು ಬಿಟ್ಟುಹೋಗುತ್ತವೆ. ಅವನ್ನು ಬೇಕಾದಾಗ ಫೋನಿನಲ್ಲಿ ನೋಡಿಕೊಳ್ಳಬಹುದು. ಎರಡು ಸಾಕ್ಷಿಗಳು ಎರಡು ಮಾತು ಹೇಳಿದಾಗ ಏನು ಮಾಡಬೇಕು ಎಂಬುದನ್ನು ಯಾವ ಫೋನೂ ಹೇಳಿಕೊಡುವುದಿಲ್ಲ.

ಅಮೆರಿಕ ತನ್ನ ಮಕ್ಕಳಿಗೆ ಹದಿನಾರಕ್ಕೆ ಕಾರು ಓಡಿಸಲು ಬಿಡುತ್ತದೆ. ಹದಿನೆಂಟಕ್ಕೆ ಮತ ಹಾಕಿಸುತ್ತದೆ, ಬಹುತೇಕ ರಾಜ್ಯಗಳಲ್ಲಿ ಅದೇ ವಯಸ್ಸಿಗೆ ಜ್ಯೂರಿಯಲ್ಲೂ ಕೂರಿಸುತ್ತದೆ. ಅಲ್ಲಿ ಅವರು ಗುರುತು ಪರಿಚಯವಿಲ್ಲದ ಸಾಕ್ಷಿಗಳ ಮಾತು ಕೇಳಿ, ಗುರುತು ಪರಿಚಯವಿಲ್ಲದ ಮನುಷ್ಯ ಜೈಲಿಗೆ ಹೋಗಬೇಕೇ ಬೇಡವೇ ಎಂದು ಹೇಳಬೇಕು. ಅದಕ್ಕೆ ಎರಡು ವರ್ಷ ಮುಂಚೆ, ಸುಸಾನ್ ಹ್ಯಾಮ್ಲಿನ್ ಇಬ್ಬರ ಮುಂದೆ ಎರಡು ಥರ ಯಾಕೆ ಮಾತಾಡಿದಳು ಎಂದು ಯೋಚಿಸಲು ಅವರು ತೀರಾ ಚಿಕ್ಕವರು ಎನ್ನುವವರಿಗೆ, ಚಿಕ್ಕವರಾಗಿ ಉಳಿಯಬೇಕಾದವರು ನಿಜಕ್ಕೂ ಯಾರು ಎಂದು ಕೇಳಬೇಕಾಗುತ್ತದೆ.